ಹಾಯಿಕಂಬದ ನೆರಳು

ಪಕ್ಕದ ಮನೆಯವರು ತಮ್ಮ ತಾರಸಿಯಲ್ಲಿ ಟಿವಿಯ ಡಿಶ್ಶಿಗೆಂದು ಒಂದು ಕಬ್ಬಿಣದ ಪೈಪು ನೆಟ್ಟರು. ನಾನು ಜಗಳಕ್ಕೆ ಹೋದೆ. ಪೈಪು ಅವರದು, ತಾರಸಿ ಅವರದು, ನನಗೆ ಕೇಳುವ ಯಾವ ಹಕ್ಕೂ ಇರಲಿಲ್ಲ. ಆದರೆ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ತನಕ ಅದರ ನೆರಳು ನನ್ನ ತಾರಸಿಯ ಮೇಲಿರುವ ಎರಡು ಹಳೆಯ ಸೋಲಾರ್ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ಬೀಳುತ್ತಿತ್ತು. ಆ ಮನೆಯ ಯಜಮಾನರು ಬ್ಯಾಂಕಿನಲ್ಲಿರುವವರು, ಮರ್ಯಾದಸ್ಥರು. ಮೇಲೆ ಬಂದು ನೋಡಿದರು. "ಎರಡು ಬೆರಳಗಲ ನೆರಳು ಮೇಡಂ. ಇಷ್ಟಕ್ಕೇನಾಗುತ್ತೆ?" ಅಂದರು. ನನಗೆ ಎಲ್ಲಿತ್ತೋ ಸಿಟ್ಟು, ಏನೇನೋ ಅಂದುಬಿಟ್ಟೆ. ಕೆಳಗೆ ಬಂದು ಕೂತ ಮೇಲೆ ನೆನಪಾಯಿತು, ಅದೇ ಮಾತನ್ನು ಅದೇ ಧಾಟಿಯಲ್ಲಿ ನಾನೂ ಒಮ್ಮೆ ಆಡಿದ್ದೆ. ಬ್ಯಾಂಕಿನವರಿಗೆ ಬೈದದ್ದು ನಿಜವಾಗಿ ಅವರಿಗಲ್ಲ.

ಈಗ ನಾನು ಚಿಕ್ಕಬಳ್ಳಾಪುರದಲ್ಲಿದ್ದೇನೆ, ನಿವೃತ್ತಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದೆ. ಮೊದಲು ಗೌರಿಬಿದನೂರು, ಆಮೇಲೆ ಶಿಡ್ಲಘಟ್ಟ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳುವವರಿಗೆ ಪುರುಸೊತ್ತಾಗಲಿಲ್ಲ ಅಂತೀನಿ, ಅವರೂ ನಂಬಿದ ಹಾಗೆ ತಲೆಯಾಡಿಸುತ್ತಾರೆ. ಆ ಎರಡು ಪ್ಯಾನೆಲ್ ಈಗ ನನ್ನ ಬಚ್ಚಲಿಗೊಂದು, ಬುದ್ಧನ ಫೋಟೋದ ಮುಂದಕ್ಕೊಂದು ಬಲ್ಬು ಹೊತ್ತಿಸುತ್ತವೆ. ಒಂದು ಕಾಲಕ್ಕೆ ಅವು ದೋಣಿಯ ಮೇಲಿದ್ದವು.

ನಗಬೇಡಿ. ನಮ್ಮ ಸೀಮೆಯಲ್ಲಿ ದೋಣಿ ಅಂದರೆ ಎಲ್ಲರೂ ನಗುತ್ತಾರೆ. ನೀರು ಸಾವಿರ ಅಡಿ ಕೆಳಗೆ ಇರುವ ಊರುಗಳು ನಮ್ಮವು. ಬೋರ್‌ವೆಲ್ಲಿನಿಂದ ನೀರೆತ್ತುವುದು ಹೇಗೆ ಅಂತ ಕೇಳಿದರೆ ಹಸುಗೂಸೂ ಹೇಳುತ್ತದೆ, ನೀರಿನ ಮೇಲೆ ಹೋಗುವುದು ಹೇಗೆ ಅಂತ ಒಬ್ಬರಿಗೂ ಗೊತ್ತಿಲ್ಲ. ನಮ್ಮೂರು ಶಿಡ್ಲಘಟ್ಟದಿಂದ ದಿಬ್ಬೂರಹಳ್ಳಿಗೆ ಹೋಗುವ ಕಡೆ ಇದೆ. ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ಯಾರಾದರೂ ಬಂದು 'ಹಾಗಲ್ಲ ಟೀಚರಮ್ಮ, ಹೀಗೆ' ಅಂತ ಶುರು ಮಾಡುತ್ತಾರೆ. ಊರಿಗೊಂದು ದೊಡ್ಡ ಕೆರೆ. ನಮ್ಮಪ್ಪ ಆ ಕೆರೆಯ ನೀರುಗಂಟಿ.

ನೀರುಗಂಟಿ ಅಂದರೆ ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿ ಬಿಟ್ಟು, ಮತ್ತೆ ಮುಚ್ಚುವವನು. ಅದು ನಮ್ಮ ಕೇರಿಯವರದೇ ಕೆಲಸ. ಇಡೀ ಊರಿಗೆ ನೀರು ಹಂಚುವವರು ನಾವು, ಊರ ಬಾವಿಯ ಹಗ್ಗ ಮಾತ್ರ ಮುಟ್ಟುವ ಹಾಗಿರಲಿಲ್ಲ. ತೂಬು ಕೆರೆಯ ಏರಿಯಿಂದ ಮೂವತ್ತು ಅಡಿ ಒಳಗಿತ್ತು. ನೀರಲ್ಲಿ ನಿಂತ ಎರಡು ಕಲ್ಲುಕಂಬ, ಮೇಲೊಂದು ಅಡ್ಡಗಲ್ಲು, ಅದರ ನಡುವಿನಿಂದ ಕೆಳಕ್ಕೆ ಇಳಿಬಿಟ್ಟ ಮರದ ಗಳ, ಗಳದ ತುದಿಗೆ ಬೆಣೆ. ಗಳ ಎತ್ತಿದರೆ ತೂಬಿನ ಬಾಯಿ ತೆರೆಯುತ್ತದೆ. ಒಂದು ವರ್ಷ ಕೆರೆ ತುಂಬಿದ್ದಾಗ ಬೆಣೆ ಕಚ್ಚಿಕೊಂಡಿತು. ಅಪ್ಪ ಮುಳುಗು ಹಾಕಿದರು. ಕೆಳಗೆ ಕಾಲು ಸಿಕ್ಕಿಕೊಂಡಿತೋ, ಸುಳಿ ಎಳೆಯಿತೋ, ಯಾರಿಗೂ ಗೊತ್ತಿಲ್ಲ. ಒಂದೇ ಒಂದು ಸಲ ಏರಿಯ ಹತ್ತಿರಕ್ಕೆ ಅವರ ಕೈ ಮೇಲೆ ಬಂತಂತೆ.

ಏರಿಯ ಮೇಲೆ ನಮ್ಮಣ್ಣ ಮುನಿರಾಜು ನಿಂತಿದ್ದ. ಅವನಿಗೆ ಹನ್ನೆರಡು, ನನಗೆ ಆರು. ಕೆರೆ ಕಾಯುವವನ ಮಗನಿಗೆ ಈಜು ಬರುತ್ತಿರಲಿಲ್ಲ. ಈಜು ಬರುವ ಇಬ್ಬರು ಗೌಡರ ಮನೆಯವರು ಅಲ್ಲೇ ಇದ್ದರು, ಇಳಿಯಲಿಲ್ಲ. ಇಳಿದರೆ ನಮ್ಮಪ್ಪನನ್ನು ತಬ್ಬಿ ಎತ್ತಬೇಕಾಗಿತ್ತು. ಇದನ್ನು ನಾನು ಎಷ್ಟೋ ವರ್ಷ ಮೆತ್ತಗೆ ಹೇಳುತ್ತಿದ್ದೆ, ಈಗ ಹಾಗೆ ಹೇಳುವ ತಾಳ್ಮೆಯಿಲ್ಲ. ಅಣ್ಣ ಮಾತ್ರ ಅವರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಎಂದಾದರೂ ಬಾಯಿಬಿಟ್ಟರೆ ತನ್ನ ವಿಷಯವೇ. "ಕೈ ಅಷ್ಟು ಹತ್ರ ಬಂದಿತ್ತು ಕಣಮ್ಮ. ಹಿಡ್ಕೊಳ್ಳೋಕಾಗ್ಲಿಲ್ಲ."

ಅಣ್ಣ ಹದಿನೆಂಟಕ್ಕೆ ನೌಕಾಪಡೆ ಸೇರಿದ. ಬರಗಾಲದ ಸೀಮೆಯವನಿಗೆ ಸಮುದ್ರದ ಹುಚ್ಚು ಯಾಕೆ ಅಂತ ಊರಿನವರು ಕೇಳಿದರು, ನಮ್ಮಮ್ಮ ಕೇಳಲಿಲ್ಲ. ಹಡಗಿನಲ್ಲಿ ಎಲೆಕ್ಟ್ರಿಕ್ ಕೆಲಸ. ರಜೆಗೆ ಬಂದಾಗಲೆಲ್ಲ ಏರಿಯ ಮೇಲೆ ಹೋಗಿ ನಿಲ್ಲುತ್ತಿದ್ದ. ಕೆರೆ ಬಹಳ ಸಲ ಒಣಗಿರುತ್ತಿತ್ತು, ಜಾಲಿ ಬೆಳೆದಿರುತ್ತಿತ್ತು. ನಡೆದುಕೊಂಡು ಹೋಗಿ ತೂಬಿನ ಕಲ್ಲು ಮುಟ್ಟಬಹುದಾಗಿತ್ತು, ದನ ಕಾಯುವವರು ಅದರ ನೆರಳಲ್ಲಿ ಮಲಗುತ್ತಿದ್ದರು. ಅಣ್ಣ ಮುಟ್ಟುತ್ತಿರಲಿಲ್ಲ. ನೀರಿದ್ದಾಗ ಹೋಗಬೇಕು ಅನ್ನುತ್ತಿದ್ದ. ಅವನಿಗೆ ರಜೆ ಇದ್ದಾಗ ನೀರಿರಲಿಲ್ಲ, ನೀರಿದ್ದಾಗ ರಜೆ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವನು ಊರಿಗೇ ಬಂದುಬಿಟ್ಟ. ಅತ್ತಿಗೆ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಬಲಗಾಲು ಎಳೆಯುತ್ತಿದ್ದ. ನಮ್ಮ ಹಳೆಯ ಮನೆಯಲ್ಲಿ ನಾವಿಬ್ಬರೇ. ನಾನು ಬೆಳಿಗ್ಗೆ ಬಸ್ಸು ಹಿಡಿದು ಶಿಡ್ಲಘಟ್ಟದ ಸ್ಕೂಲಿಗೆ, ಅವನು ಎಡಗೈಯಲ್ಲಿ ಅನ್ನ ಮಾಡುವುದನ್ನು ಕಲಿಯುತ್ತಾ ಮನೆಯಲ್ಲಿ. ಉಪ್ಪು ಯಾವತ್ತೂ ಜಾಸ್ತಿ. ಸಮುದ್ರದವನು ನೀನು, ಇರಲಿ ಬಿಡು ಅಂತ ನಾನು ರೇಗಿಸುತ್ತಿದ್ದೆ.

ಆಗೊಂದು ವರ್ಷ ಮಳೆ ಹುಯ್ಯಿತು ನೋಡಿ, ದೀಪಾವಳಿಯ ಹೊತ್ತಿಗೆ ಕೆರೆ ಕೋಡಿ ಹರಿಯಿತು. ಎಷ್ಟೋ ವರ್ಷದ ಮೇಲೆ ಊರಿಗೆ ಊರೇ ಹೋಗಿ ಬಾಗಿನ ಕೊಟ್ಟು ಬಂತು. ಅಣ್ಣ ಎರಡು ದಿನ ಏರಿಯ ಮೇಲೇ ಕಳೆದ. ಮೂರನೆಯ ದಿನ ಬೆಂಗಳೂರಿಗೆ ಹೋದ. ವಾರ ಕಳೆದು, ಚಿಂತಾಮಣಿಯಿಂದ ಟೊಮೇಟೊ ಹೊತ್ತುಹೋಗಿ ಖಾಲಿ ವಾಪಸು ಬರುತ್ತಿದ್ದ ಲಾರಿಯಲ್ಲಿ ಒಂದು ದೋಣಿ ತಂದಿಳಿಸಿದ. ಯಾವುದೋ ಬೋಟಿಂಗ್ ಕ್ಲಬ್ಬಿನವರು ಗುಜರಿಗೆ ಹಾಕಿದ್ದಂತೆ. ಅದರಲ್ಲೂ ಒಂದು ದೋಣಿಯಲ್ಲ, ಎರಡು. ಫೈಬರಿನ ಎರಡು ಸಪೂರ ಒಡಲು, ಅವೆರಡನ್ನೂ ಜೋಡಿಸಿದ ಪೈಪು, ನಡುವೆ ಕೂರುವುದಕ್ಕೆ ಬಿಗಿದ ಕ್ಯಾನ್ವಾಸು, ಮುಂದುಗಡೆ ಹಾಯಿ ಕಟ್ಟುವ ಎತ್ತರದ ಕಂಬ. ಎದುರುಮನೆಯ ಗೌರಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಎರಡು ದೋಣಿ ಮೇಲೆ ಕಾಲಿಡಬಾರದು ಅಂತಾರೆ, ನಿಮ್ಮಣ್ಣ ಕುಂಡಿನೇ ಇಡ್ತಾರಲ್ಲ ಅಂದಳು. ಅಣ್ಣ ಬಿದ್ದು ಬಿದ್ದು ನಕ್ಕ. ಅತ್ತಿಗೆ ಹೋದ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಅವನ ಆಸೆ ಒಂದೇ. ಕೆರೆಯಲ್ಲಿ ನೀರಿರುವಾಗ, ನೀರಿನ ಮೇಲೆ, ತಾನೇ ತೂಬಿನ ಕಲ್ಲಿನವರೆಗೆ ಹೋಗಬೇಕು. ಏರಿಯ ಕಡೆ ಬರೀ ಚೂಪು ಕಲ್ಲು, ಅಲ್ಲಿಂದ ಈ ದೋಣಿ ಇಳಿಸಿದರೆ ಒಡಲು ಒಡೆಯುತ್ತದೆ. ಆಚೆ ದಡದ ಮೆತ್ತನೆಯ ಇಳಿಜಾರಿನಿಂದ ಇಳಿಸಿ ಇಡೀ ಕೆರೆ ದಾಟಿ ಬರಬೇಕು, ಒಂದು ಮೈಲಿಯ ಮೇಲಾಗುತ್ತದೆ. ಲಾರಿ ಟ್ಯೂಬಿನ ಮೇಲೆ ಕೂತು ಮೀನು ಹಿಡಿಯುವವರಿದ್ದಾರಲ್ಲ, ಅವರು ಏರಿಯಿಂದಲೇ ಐದು ನಿಮಿಷದಲ್ಲಿ ತಳ್ಳಿಕೊಂಡು ಹೋಗುತ್ತಾರೆ ಅಂದೆ. "ಇನ್ನೊಬ್ರು ತಳ್ಕೊಂಡು ಹೋಗೋದಾದ್ರೆ ನಲವತ್ತು ವರ್ಷ ಕಾಯ್ಬೇಕಿತ್ತಾ?" ಅಂದ.

ಹಾಯಿಗೆ ಎರಡು ಕೈ ಬೇಕು, ಹಗ್ಗ ಎಳೆದು ಬಿಡಬೇಕು. ಪೆಟ್ರೋಲ್ ಇಂಜಿನ್ನಿಗೆ ದಾರ ಜಗ್ಗಲು ಗಟ್ಟಿ ತೋಳು ಬೇಕು. ಬ್ಯಾಟರಿ ಮೋಟರಿಗಾದರೆ ಒಂದು ಬೆರಳು ಸಾಕು, ಸ್ವಿಚ್ಚು ಒತ್ತಿದರಾಯಿತು. ಆದರೆ ಆ ಸಪೂರ ಒಡಲುಗಳು ದೊಡ್ಡ ಬ್ಯಾಟರಿಯ ಭಾರ ತಡೆಯುವುದಿಲ್ಲ. ಚಿಕ್ಕ ಬ್ಯಾಟರಿ ಅರ್ಧ ದಾರಿಗಷ್ಟೇ ಬರುತ್ತದೆ. ಅದಕ್ಕೇ ಸೋಲಾರ್. ಕೂರುವ ಜಾಗದ ಮೇಲೆ ಚಪ್ಪರದ ಹಾಗೆ ಎರಡು ಪ್ಯಾನೆಲ್, ಅವು ದಾರಿಯುದ್ದಕ್ಕೂ ಬ್ಯಾಟರಿಗೆ ಕರೆಂಟು ಕೊಡುತ್ತಾ ಇರಬೇಕು. ಲೆಕ್ಕ ಹಾಕಿದವಳು ನಾನೇ. ವಿಜ್ಞಾನದ ಟೀಚರಲ್ಲವೇ. ಹಲಗೆಯ ಮೇಲೆ ಇಪ್ಪತ್ತು ವರ್ಷ ಬಲ್ಬು ಬ್ಯಾಟರಿ ಬರೆದವಳಿಗೆ ಮೊದಲ ಸಲ ನಿಜವಾದ ಬ್ಯಾಟರಿ ಸಿಕ್ಕಿತ್ತು. ಎರಡು ಪ್ಯಾನೆಲ್ಲನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಜೋಡಿಸಿ ಸರಣಿಯಲ್ಲಿ ಕೊಡಬೇಕು ಅಂತ ಜಂಬದಿಂದ ಹೇಳಿದೆ.

ಒಂದು ಒಡಲಿನಲ್ಲಿ ಸೀಳಿತ್ತು. ಅಣ್ಣ ಎಡಗೈಯಲ್ಲೇ ರೆಸಿನ್ ಅಂಟಿನ ಡಬ್ಬಿ ತೆರೆದ, ಬೀದಿಯೆಲ್ಲ ಗಬ್ಬೆದ್ದಿತು. ಗೌರಮ್ಮ ಓಡಿಬಂದಳು. ಅವಳ ಮನೆ ತುಂಬ ರೇಷ್ಮೆ ಹುಳ, ಮೂರನೇ ಜ್ವರ ಎದ್ದಿದ್ದವು. ಹುಳ ಚರ್ಮ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅಂತಾರೆ, ನಾಲ್ಕು ಜ್ವರ ದಾಟಿದರೆ ಗೂಡು ಕಟ್ಟುತ್ತವೆ. ಆ ವಾಸನೆ ತಗುಲಿದರೆ ಒಂದೂ ಉಳಿಯುವುದಿಲ್ಲ. "ನಿಮ್ಮ ಕಾಲಿಗೆ ಬೀಳ್ತೀನಪ್ಪಾ, ನನ್ನ ಹುಳ ಗೂಡು ಕಟ್ಲಿ" ಅಂದಳು. ಅಣ್ಣ ಕೂಡಲೇ ಡಬ್ಬಿ ಮುಚ್ಚಿದ. ಹುಳವಿರುವ ಮನೆಯ ಪಕ್ಕದಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಕೂಡ ಹಾಕದ ಊರು ನಮ್ಮದು, ಇದರಲ್ಲಿ ಚರ್ಚೆಯೇ ಇಲ್ಲ. ಹದಿನೆಂಟು ದಿನ ಕಾದೆವು. ಹುಳ ಹಣ್ಣಾಗಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಏರಿ, ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹೋದ ಮಾರನೇ ದಿನ ಅಣ್ಣ ಸೀಳು ಮುಚ್ಚಿದ. ಅಷ್ಟರಲ್ಲಿ ನೀರು ಕೋಡಿಯ ಕಲ್ಲಿನಿಂದ ಒಂದು ಮೊಳ ಇಳಿದಿತ್ತು.

ಅಪ್ಪ ಮುಳುಗಿದ ದಿನ ಏರಿಯ ಮೇಲೆ ನಿಂತಿದ್ದ ಇಬ್ಬರಲ್ಲಿ ಒಬ್ಬರು ಆಗಿನ್ನೂ ಬದುಕಿದ್ದರು. ಕೋಲೂರಿಕೊಂಡು ದೋಣಿ ನೋಡಲು ಬಂದರು. ಹಾಯಿಕಂಬದ ಮೇಲೆ ಕೈಯಿಟ್ಟು ಸುಮಾರು ಹೊತ್ತು ನಿಂತರು. ಅಣ್ಣ ನನ್ನ ಕಡೆ ತಿರುಗಿ, ಗೌಡ್ರಿಗೆ ಟೀ ಕೊಡಮ್ಮ ಅಂದ. ನಾನು ನಾವು ಕುಡಿಯುವ ಲೋಟದಲ್ಲೇ ಕೊಟ್ಟೆ, ಬೇಕೆಂದೇ ಕೊಟ್ಟೆ. ಅವರು ಕುಡಿದು, ಲೋಟ ತೊಳೆದಿಟ್ಟು ಹೋದರು.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ದೋಣಿ ಇಳಿಸಿದೆವು. ಅಣ್ಣನೊಬ್ಬನೇ ಕೂತ. ಸ್ವಿಚ್ಚು ಒತ್ತಿದ, ದೋಣಿ ಸದ್ದಿಲ್ಲದೆ ಹೊರಟಿತು. ದಡದಲ್ಲಿದ್ದವರೆಲ್ಲ ಶಿಳ್ಳೆ ಹೊಡೆದರು. ಮುಳುಗಿದ ಜಾಲಿಗಳ ನಡುವೆ ಅರ್ಧ ಕೆರೆ ದಾಟಿತು, ಆಮೇಲೆ ನಿಧಾನವಾಯಿತು, ನಿಂತೇಹೋಯಿತು. ಲಾರಿ ಟ್ಯೂಬಿನವರು ಹೋಗಿ ಎಳೆದು ತಂದರು. ಅಣ್ಣನ ಮುಖ ನೋಡಲಾಗಲಿಲ್ಲ. ನಾನು ತಕ್ಷಣ ತೀರ್ಪು ಕೊಟ್ಟೆ, ಬ್ಯಾಟರಿ ಸರಿಯಿಲ್ಲ.

ಬ್ಯಾಟರಿಗೆ ಚಿಂತಾಮಣಿಯ ಬಾಷಾ ಭಾಯಿ. ಅವರ ಅಂಗಡಿಗೆ ನಾನು ಎಷ್ಟು ಸಲ ಬಸ್ಸು ಹತ್ತಿದೆನೋ. ಮುಂದಿನ ಭಾನುವಾರ ಬೇರೆ ಬ್ಯಾಟರಿ ಹಾಕಿದೆವು, ಅರ್ಧ ಕೆರೆಗೆ ನಿಂತಿತು. ಅದರ ಮುಂದಿನ ಭಾನುವಾರ ವೈರು ಬದಲಾಯಿಸಿದೆವು, ಅದೇ ಜಾಗದಲ್ಲಿ ನಿಂತಿತು. ಬಾಷಾ ಭಾಯಿ ತಮ್ಮ ಮೀಟರು ನನ್ನ ಮುಂದೆ ಹಿಡಿದು, ಬ್ಯಾಟರಿ ಪಕ್ಕಾ ಇದೆ ಮೇಡಂ, ಮೇಲಿಂದ ಕರೆಂಟೇ ಬರ್ತಿಲ್ಲ ನೋಡ್ಕಳಿ ಅಂದರು. ಬ್ಯಾಟರಿ ಮಾರುವವನು ಇನ್ನೇನು ಹೇಳುತ್ತಾನೆ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಮೂರನೆಯ ಸಲ ನಿಂತು ಬಂದ ಸಂಜೆ ಅಣ್ಣ ಜಗಲಿಯಲ್ಲಿ ಕೂತು ಮೆಲ್ಲಗೆ ಕೇಳಿದ. ಕೆಲಸದಲ್ಲಿ ಪಳಗಿದವನು, ಆದರೂ ನನ್ನನ್ನು ಕೇಳುವಾಗ ಅವನಿಗೆ ಒಂದು ಸಂಕೋಚ. ತಂಗಿ ಬಿ.ಎಸ್ಸಿ. ಅಂತ ಅವನಿಗೆ ಬಹಳ ಹೆಮ್ಮೆ.

"ಸರೂ, ಹಾಯಿಕಂಬದ ನೆರಳು ಪ್ಯಾನೆಲ್ ಮೇಲೆ ಬೀಳ್ತದಲ್ಲಮ್ಮ. ಅದೇನಾದ್ರೂ ಇರಬಹುದಾ? ಕಂಬ ತೆಗೆದು ನೋಡಣ?"

ಕಂಬ ತೆಗೆಯುವುದು ಅವನಿಗೆ ಸುಲಭದ ಮಾತಲ್ಲ. ಬ್ಯಾಟರಿ ಕೈಕೊಟ್ಟರೆ ಗಾಳಿಯಾದರೂ ಇರುತ್ತದೆ ಅಂತ ಉಳಿಸಿಕೊಂಡಿದ್ದ, ಕಂಬವಿಲ್ಲದ್ದು ದೋಣಿಯೇ ಅಲ್ಲ ಅನ್ನುತ್ತಿದ್ದ. ಅಂಥವನು ತಾನಾಗಿ ಕೇಳಿದ. ನಾನು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ, ತಲೆ ಕೂಡ ಎತ್ತಲಿಲ್ಲ. "ಎರಡು ಬೆರಳಗಲ ನೆರಳು ಅಣ್ಣ. ಇಷ್ಟಕ್ಕೇನಾಗುತ್ತೆ? ನೂರಕ್ಕೆ ಎರಡು ಪಾಲು ಕಮ್ಮಿಯಾಗಬಹುದು" ಅಂದೆ. ಅವನು ಹೌದಾ ಅಂದ. ಟೀಚರಮ್ಮ ಹೇಳಿದ ಮೇಲೆ ಮುಗಿಯಿತು ಅಂತ ಎದ್ದು ಒಳಗೆ ಹೋದ.

ಇನ್ನೂ ಮೂರು ವಾರ ಹೀಗೇ ಹೋದವು. ನಾಲ್ಕನೆಯ ವಾರ ಒಂದು ಬೆಳಿಗ್ಗೆ ಅಣ್ಣ ಹಾಸಿಗೆಯಿಂದ ಏಳಲಿಲ್ಲ. ಎರಡನೇ ಸಲ ಲಕ್ವ. ಆಸ್ಪತ್ರೆಯಲ್ಲಿ ಹತ್ತು ದಿನವಿದ್ದು ಮನೆಗೆ ಬಂದಾಗ ನಡಿಗೆಯೂ ಇಲ್ಲ, ಮಾತೂ ಇಲ್ಲ. ಎಡಗೈ ಒಂದು ಆಡುತ್ತಿತ್ತು, ಕಣ್ಣು ಆಡುತ್ತಿತ್ತು. ಕೆರೆಯ ಕಡೆಯ ಕಿಟಕಿ ತೆರೆದರೆ ನೋಡುತ್ತಿದ್ದ, ಮುಚ್ಚಿದರೆ ಮುಖ ತಿರುಗಿಸುತ್ತಿದ್ದ. ಹುಳಕ್ಕಾಗಿ ಕಾದದ್ದು ಹದಿನೆಂಟು ದಿನ, ನನ್ನ ಜಂಬಕ್ಕಾಗಿ ಕಳೆದದ್ದು ಅದರ ಎರಡರಷ್ಟು. ಗೌರಮ್ಮನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಮಾರ್ಚ್ ತಿಂಗಳು, ಹತ್ತನೇ ಕ್ಲಾಸಿನವರಿಗೆ ಪುನರಾವರ್ತನೆ ಮಾಡಿಸುತ್ತಿದ್ದೆ. ಹಲಗೆಯ ಮೇಲೆ ಸರಣಿ ಜೋಡಣೆ ಬರೆದು, ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟಿನ ಹಾಗೆ, ಒಂದು ಬಲ್ಬು ಹೋದರೆ ಎಲ್ಲ ಬಲ್ಬೂ ಹೋಗುತ್ತದೆ ಅಂತ ಇಪ್ಪತ್ತು ವರ್ಷದ ಹಳೆಯ ವಾಕ್ಯ ಹೇಳಿದೆ. ಒಬ್ಬ ಹುಡುಗಿ ಎದ್ದು ನಿಂತು, ಮಿಸ್, ಒಂದು ಪೂರ್ತಿ ಹೋಗದೆ ಸ್ವಲ್ಪ ಕೆಟ್ಟಿದ್ರೆ ಬೇರೆವಕ್ಕೂ ಅಷ್ಟೇ ಕರೆಂಟ್ ಹೋಗೋದಾ ಅಂತ ಕೇಳಿದಳು. ಹೌದಮ್ಮ ಅನ್ನಲು ಬಾಯಿ ತೆರೆದೆ. ಪ್ಯಾನೆಲ್ಲಿನೊಳಗೆ ಕರೆಂಟು ಹುಟ್ಟಿಸುವ ಬಿಲ್ಲೆಗಳೂ ಸರಣಿಯಲ್ಲೇ ಇವೆ. ಎರಡು ಪ್ಯಾನೆಲ್ಲನ್ನು ಸರಣಿಯಲ್ಲಿ ಜೋಡಿಸಿ ಅಂದವಳೂ ನಾನೇ. ಒಂದು ಬಿಲ್ಲೆಯ ಮೇಲೆ ನೆರಳು ಬಿದ್ದರೆ ಇಡೀ ಚಪ್ಪರವೇ ಸತ್ತ ಹಾಗೆ. ಸೀಮೆಸುಣ್ಣ ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಮಕ್ಕಳು ನನಗೆ ತಲೆಸುತ್ತು ಬಂತು ಅಂದುಕೊಂಡು ನೀರು ತಂದುಕೊಟ್ಟರು.

ಅಂದೇ ಗೌರಮ್ಮನ ಮನೆಯವರನ್ನು ಕರೆದು ಕಂಬ ಬಿಚ್ಚಿಸಿದೆ. ಮಾರನೇ ದಿನ ಟ್ಯೂಬಿನವರನ್ನು ಕೂರಿಸಿ ಕಳಿಸಿದೆ, ದೋಣಿ ಏರಿಯ ಹತ್ತಿರದ ತನಕ ಹೋಗಿ ನಿಲ್ಲದೆ ವಾಪಸು ಬಂತು. ಅಣ್ಣನ ಮಂಚದ ಪಕ್ಕ ಕೂತು ತಪ್ಪೊಪ್ಪಿಕೊಂಡೆ. ನೀನು ಹೇಳಿದ್ದೇ ಸರಿ ಅಣ್ಣ, ನೆರಳೇ, ಅಂದೆ. ಅವನು ಎಡಗೈಯನ್ನು ನನ್ನ ತಲೆಯ ಮೇಲಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಅವನಿಗಾಗಿ ನಾನೇ ಹೋಗುತ್ತೇನೆ ಅಂತ ತೀರ್ಮಾನಿಸಿದೆ. ಭಾನುವಾರ ಬೆಳಿಗ್ಗೆ ಅಣ್ಣನನ್ನು ಆಟೋದಲ್ಲಿ ಏರಿಯ ಮೇಲೆ ಕರೆತಂದು, ತೂಬಿನ ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಗೌರಮ್ಮನ ಕೈಗೆ ಕೊಡೆ ಕೊಟ್ಟೆ. ಹನ್ನೆರಡನೇ ವಯಸ್ಸಿನಲ್ಲಿ ಅವನು ನಿಂತಿದ್ದ ಜಾಗ ಅದೇ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಲ್ಲೇ ಕೂರಿಸಿದೆ, ಚೆನ್ನಾಗಿ ಕಾಣಲಿ ಅಂತ.

ನನಗೂ ಈಜು ಬರುವುದಿಲ್ಲ. ಆದರೂ ಸ್ವಿಚ್ಚು ಒತ್ತಿದೆ. ಜಾಲಿಯ ತುದಿಗಳೆಲ್ಲ ನೀರಿನಿಂದ ಮೇಲೆದ್ದಿದ್ದವು, ಕೆರೆ ಅರ್ಧಕ್ಕರ್ಧ ಇಳಿದಿತ್ತು. ದೋಣಿ ಎಲ್ಲೂ ನಿಲ್ಲಲಿಲ್ಲ. ಪ್ರತಿ ಸಲ ನಿಲ್ಲುತ್ತಿದ್ದ ಜಾಗ ಬಂತು, ಅದನ್ನೂ ದಾಟಿತು. ತೂಬಿನ ಕಲ್ಲಿನ ಹತ್ತಿರ ಮೋಟರು ನಿಲ್ಲಿಸಿ ಕೈಚಾಚಿ ಮುಟ್ಟಿದೆ. ಪಾಚಿ ಒಣಗಿ ಬಿಸಿಲಿಗೆ ಬೆಚ್ಚಗಾಗಿತ್ತು. ಏರಿಯ ಕಡೆ ನೋಡಿದೆ. ಅಣ್ಣ ಎಡಗೈ ಎತ್ತಿದ್ದ.

ಅಷ್ಟಕ್ಕೆ ತಿರುಗಿಸಿಕೊಂಡು ಬಂದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಕೈಯಲ್ಲಿದ್ದ ಬಿದಿರು ಕೋಲು ನೀರಿಗಿಳಿಸಿ ನೋಡಿದೆ, ನನ್ನ ಎದೆಮಟ್ಟಕ್ಕೆ ನೆಲ ಸಿಕ್ಕಿತು. ತೋರಿಸಿ ಕಲಿಸುವುದು ನನ್ನ ರೋಗ. ನೋಡಣ್ಣ, ಇಷ್ಟೇ ನೀರು, ಇನ್ನು ಇದಕ್ಕೆ ಹೆದರಬೇಡ ಅಂತ ಅವನಿಗೆ ತೋರಿಸಬೇಕು ಅನ್ನಿಸಿತು. ಒಂದು ಕೈಯಲ್ಲಿ ಕಲ್ಲು ಹಿಡಿದು ದೋಣಿಯಿಂದ ಕೆಳಗಿಳಿದೆ.

ಕೋಲಿಗೆ ಸಿಕ್ಕಿದ್ದು ನೆಲವಲ್ಲ, ಹೂಳು. ಒಂದು ಕಾಲು ಮೊಣಕಾಲ ತನಕ ಹೂತುಹೋಯಿತು, ಸೀರೆ ಇನ್ನೊಂದು ಕಾಲಿಗೆ ಸುತ್ತಿಕೊಂಡಿತು, ತಲೆಯ ಮೇಲೆ ನೀರು ಬಂತು. ಕಲ್ಲು ಬಿಟ್ಟಿರಲಿಲ್ಲ, ನಾಲ್ಕು ಎಣಿಸುವಷ್ಟರಲ್ಲಿ ಮೇಲೆ ಬಂದೆ. ನನಗಾದದ್ದು ಇಷ್ಟೇ. ಆದರೆ ಏರಿಯಿಂದ ನೋಡುವವನಿಗೆ ಕಂಡದ್ದೇನು? ತೂಬಿನ ಹತ್ತಿರ ಮನೆಯವರೊಬ್ಬರು ಮುಳುಗಿದರು, ಒಂದು ಕೈ ಮಾತ್ರ ಮೇಲಿತ್ತು.

ಆಮೇಲಿನದನ್ನು ಗೌರಮ್ಮ ಹೇಳಿದ್ದು. ಅಣ್ಣ ಕುರ್ಚಿಯಿಂದ ಎದ್ದು ನಿಂತನಂತೆ. ಆಸ್ಪತ್ರೆಯಿಂದ ಬಂದ ಮೇಲೆ ಒಮ್ಮೆಯೂ ನಿಲ್ಲದವನು ನಿಂತು, ಬಿದ್ದು, ಅವಳು ಹಿಡಿಯುವ ಮೊದಲೇ ಏರಿಯ ಚೂಪುಕಲ್ಲುಗಳ ಮೇಲೆ ಕೂತುಕೂತು ಜಾರುತ್ತಾ ನೀರಿನ ಕಡೆಗೆ ಇಳಿದನಂತೆ. ನಾನು ದೋಣಿಯ ಪೈಪು ಹಿಡಿದು, ಕೆಸರಿನಿಂದ ಕಾಲು ಕೀಳುತ್ತಾ ಕೀಳುತ್ತಾ ಏರಿಯ ಬುಡಕ್ಕೆ ಬಂದೆ. ಒಡಲು ಕಲ್ಲಿಗೆ ಬಡಿದು ಬಿರುಕು ಬಿಟ್ಟಿತು, ಆ ದೋಣಿಯ ಕಥೆ ಅಲ್ಲಿಗೇ ಮುಗಿಯಿತು. ಅಣ್ಣ ಕೊನೆಯ ಕಲ್ಲಿನ ಮೇಲೆ, ಸೊಂಟದ ತನಕ ನೀರಿನಲ್ಲಿ, ಮಂಡಿ ಮೊಣಕೈಯೆಲ್ಲ ತರಚಿ ರಕ್ತ ಸೋರಿಸಿಕೊಂಡು, ಎಡಗೈ ಚಾಚಿ ಕೂತಿದ್ದ.

ನನ್ನ ಸೆರಗು ಅವನ ಕೈಗೆ ಸಿಕ್ಕಿತು. ಮುಷ್ಟಿ ಬಿಗಿದ. ಏನೂ ಆಗಿಲ್ಲ ಅಣ್ಣ, ಬಿಡು, ಮೇಲೆ ಹೋಗಣ ಅಂದೆ. ಬಿಡಲಿಲ್ಲ. ಗೌರಮ್ಮ ಅಳುತ್ತಾ, ಬಂದ್ಲಲ್ಲಪ್ಪ ಬಿಡಿ ಅಂದಳು. ಬಿಡಲಿಲ್ಲ. ನಾಲ್ಕು ಜನ ಅವನನ್ನು ಎತ್ತಿ ಆಟೋಗೆ ತಂದಾಗ ನಾನು ಸೆರಗಿನ ಜೊತೆಗೇ ಬಾಗಿಕೊಂಡು ಬಂದೆ. ಮನೆಯಲ್ಲಿ ಅವನ ಮಂಚದ ಪಕ್ಕ ಒದ್ದೆ ಸೀರೆಯಲ್ಲೇ ಮಧ್ಯಾಹ್ನವೆಲ್ಲ ಕೂತಿದ್ದೆ.

ಆ ವರ್ಷದ ಮಳೆಗಾಲ ಅವನು ನೋಡಲಿಲ್ಲ. ಎರಡನೇ ಲಕ್ವದ ಮೇಲೆ ಅವನ ಬಾಯಿಂದ ನಾನು ಕೇಳಿದ್ದು ಒಂದೇ ಮಾತು, ಅದೂ ಆ ಮಧ್ಯಾಹ್ನ. ನಿದ್ದೆ ಬಂತೇನೋ ಅಂದುಕೊಂಡು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದೆ. ಅಣ್ಣ ಕಣ್ಣು ತೆರೆದ. ಬಾಯಿ ಸೊಟ್ಟಗಾಗಿತ್ತು, ನಾಲಿಗೆ ಹೊರಳುತ್ತಿರಲಿಲ್ಲ, ಆದರೂ ಮಾತು ನನಗೆ ಸರಿಯಾಗಿಯೇ ಕೇಳಿಸಿತು.

"ಹಿಡ್ಕೊಂಡೆ" ಅಂದ.